ಮನೆ ಕಂದಾಯ ಕಟ್ಟೋಕೆ ಹೋಗಿ ಚರಂಡಿ ಅಳೆದು ಬಂದೆ

ಮೊನ್ನೆ ಬುಧವಾರ ಬೆಳಗ್ಗೆ ನಮ್ಮ ಅಡ್ಡರಸ್ತೆಗೆ ಒಂದು ಟ್ರ್ಯಾಕ್ಟರ್ ಜಲ್ಲಿ ಬಂತು. ಎಡಬದಿಯಲ್ಲಿ ಅರ್ಧಕ್ಕೆ ನಿಂತ ಚರಂಡಿ ಪಕ್ಕ ಸುರಿದು ಹೋದರು. ಇದೇನು ದೊಡ್ಡ ಸುದ್ದಿ ಅಂತ ಅನಿಸಬಹುದು. ಆದರೆ ಕಾಗದದ ಪ್ರಕಾರ ಆ ಚರಂಡಿ ಎರಡು ವರ್ಷದ ಹಿಂದೆಯೇ ಕಟ್ಟಿ ಮುಗಿದಿದೆ, ಬಿಲ್ ಕೂಡ ಪಾಸಾಗಿದೆ. ಆ ಜಲ್ಲಿ ಬರೋಕೆ ನನಗೆ ಒಂಬತ್ತು ತಿಂಗಳು ಹಿಡಿಯಿತು. ಎಲ್ಲಿ ಎಡವಿದೆ, ಎಲ್ಲಿ ಸುಮ್ನೆ ದಿನ ಕಳೆದೆ ಅನ್ನೋದು ಇನ್ನೂ ನೆನಪಿನಲ್ಲಿದೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನಮ್ಮದು ನಗರಸಭೆ ಇರುವ ಊರು. ಊರಿನ ಹೆಸರು ಹೇಳಲ್ಲ, ಇನ್ನೂ ಇಲ್ಲೇ ಬದುಕಬೇಕು. ನಾನು ಹೋರಾಟಗಾರ್ತಿ ಅಲ್ಲ, ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವವಳು.

ಶುರುವಾಗಿದ್ದು ಏಪ್ರಿಲ್‌ನಲ್ಲಿ, ಮನೆ ಕಂದಾಯದಿಂದ. ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ ಇದೆಯಲ್ಲ, ಅದಕ್ಕೆ ಪ್ರತಿ ವರ್ಷ ಮೊದಲ ಎರಡು ವಾರದಲ್ಲೇ ಕಟ್ಟಿಬಿಡುತ್ತೇನೆ. ಈ ಸಲ ಪಿಐಡಿ ನಂಬರ್, ಅಂದರೆ ಆಸ್ತಿಯ ಗುರುತಿನ ಸಂಖ್ಯೆ ಹಾಕಿ ನೋಡಿದರೆ 9,340 ರೂಪಾಯಿ. ಹಿಂದಿನ ವರ್ಷ ಕಟ್ಟಿದ್ದು 4,390. ಮಾರ್ಗಸೂಚಿ ಬೆಲೆ ಏರಿಸಿರಬೇಕು ಅಂದುಕೊಂಡೆ. ನಮ್ಮ ಕಡೆ ತೆರಿಗೆ ಲೆಕ್ಕ ನಿಲ್ಲುವುದೇ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಮೇಲೆ. ಅದರ ಜೊತೆಗೆ ಕಟ್ಟಡದ ಅಳತೆ, ಎಷ್ಟು ಹಳೆಯದು, ಯಾವುದಕ್ಕೆ ಬಳಸುತ್ತಿದ್ದೀರಿ ಅನ್ನೋದು ಸೇರುತ್ತದೆ. ಆದರೆ ಒಂದೇ ವರ್ಷಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ಹೇಗೆ ಆಗುತ್ತದೆ? ವಿವರ ತೆಗೆದು ಸಾಲು ಸಾಲಾಗಿ ಓದಿದಾಗ ಸಿಕ್ಕಿತು. ಮೇಲಿನ ಮಹಡಿಯ ಎದುರು ‘ವಾಣಿಜ್ಯ’ ಅಂತ ಇತ್ತು.

ಮೇಲೆ ಬಾಡಿಗೆಗೆ ಇರುವ ಹುಡುಗಿ ಬ್ಲೌಸ್ ಹೊಲಿಯುತ್ತಾಳೆ. ಒಂದೇ ಒಂದು ಮಷಿನ್, ಅದೂ ಅಡುಗೆ ಮನೆ ಬಾಗಿಲ ಪಕ್ಕ. ಡಿಸೆಂಬರ್‌ನಲ್ಲಿ ಯಾರೋ ಟ್ಯಾಬ್ ಹಿಡಿದು ಮನೆ ಸರ್ವೆಗೆ ಬಂದಿದ್ದರಂತೆ, ಮಷಿನ್ ನೋಡಿ ‘ಟೈಲರಿಂಗಾ?’ ಅಂತ ಕೇಳಿದರಂತೆ, ಇವಳು ‘ಹೂಂ’ ಅಂದಳಂತೆ. ಆ ಒಂದು ಹೂಂಗೆ ಐದು ಸಾವಿರ. ಅವಳು ಪಾಪ ಅಳೋಕೇ ಶುರು ಮಾಡಿದಳು, ಬಾಡಿಗೆ ಏರಿಸ್ತೀನಿ ಅಂದುಕೊಂಡಳೋ ಏನೋ.

ಏಪ್ರಿಲ್ 11ಕ್ಕೆ ತಿದ್ದುಪಡಿ ಅರ್ಜಿ ಕೊಟ್ಟೆ. ಜೊತೆಗೆ ಇಟ್ಟಿದ್ದು ಹಿಂದಿನ ಮೂರು ವರ್ಷದ ಚಲನ್, ನಮೂನೆ-3 (ನಗರಸಭೆ ಕೊಡುವ ಆಸ್ತಿ ದಾಖಲೆ), ಮೇಲಿನ ಮಹಡಿಯ ಕರೆಂಟ್ ಬಿಲ್, ಒಳಗಿನ ನಾಲ್ಕು ಫೋಟೋ. ಇದರಲ್ಲಿ ಕೆಲಸಕ್ಕೆ ಬಂದಿದ್ದು ಕರೆಂಟ್ ಬಿಲ್. ಅದರಲ್ಲಿ ಗೃಹ ಬಳಕೆ ದರ ಅಂತ ಸ್ಪಷ್ಟವಾಗಿ ಇರುತ್ತದೆ, ಇನ್ನೊಂದು ಇಲಾಖೆಯವರೇ ಬರೆದುಕೊಟ್ಟ ಸಾಕ್ಷಿ ಅದು. ಕಂದಾಯ ನಿರೀಕ್ಷಕರು ಸ್ಥಳ ತನಿಖೆಗೆ ‘ನಾಳೆ ಬರ್ತೀವಿ ಮೇಡಂ’ ಅಂದಿದ್ದು 12ರಂದು, ಬಂದಿದ್ದು 29ಕ್ಕೆ. ಸಿಸ್ಟಂನಲ್ಲಿ ಸರಿಯಾಗಿದ್ದು ಮೇ 14ಕ್ಕೆ. ಆ ಹೊತ್ತಿಗೆ ರಿಯಾಯಿತಿ ದಿನ ಮುಗಿದಿತ್ತು. 170 ರೂಪಾಯಿ ಹೋಯಿತು. ಕೆಲವು ವರ್ಷ ಸರ್ಕಾರ ರಿಯಾಯಿತಿ ದಿನ ಮುಂದಕ್ಕೆ ಹಾಕಿದ್ದೂ ಉಂಟು, ಆದರೆ ಅದನ್ನು ನಂಬಿ ಕೂರಬೇಡಿ. ಜೂನ್ ಮುಗಿದರೆ ತಿಂಗಳಿಗೆ ಶೇ. 2 ದಂಡ ಬೀಳುತ್ತದೆ. ಆದ್ದರಿಂದ ಮಾರ್ಚ್‌ನಲ್ಲೇ ಒಮ್ಮೆ ನಿಮ್ಮ ವಿವರ ತೆಗೆದು ನೋಡಿ, ತಪ್ಪಿದ್ದರೆ ತಿದ್ದಿಸಲು ಅಷ್ಟು ದಿನವಾದರೂ ಬೇಕು.

ತಿದ್ದಿದ ಚಲನ್ ಕೈಗೆ ಬಂದಾಗ ಮೊದಲ ಸಲ ಅದನ್ನು ಪೂರ್ತಿ ಓದಿದೆ. ಲೆಕ್ಕ ಬರೆಯುವವಳಾಗಿ ಇಷ್ಟು ವರ್ಷ ಓದಿರಲಿಲ್ಲ, ನಾಚಿಕೆ ಆಗಬೇಕು. ಮೂಲ ತೆರಿಗೆ 3,400. ಅದರ ಮೇಲೆ ಆರೋಗ್ಯ ಕರ ಶೇ. 15, ಅಂದರೆ 510. ಗ್ರಂಥಾಲಯ ಕರ ಶೇ. 6, ಅಂದರೆ 204. ಭಿಕ್ಷುಕರ ಕರ ಶೇ. 3, ಅಂದರೆ 102. ಅಲ್ಲಿಗೆ 816 ರೂಪಾಯಿ. ಆಮೇಲೆ ಕಸದ ಶುಲ್ಕ ಬೇರೆ. ಆ 816 ನಗರಸಭೆ ರಸ್ತೆ, ಚರಂಡಿಗೆ ಹಾಕುವ ದುಡ್ಡಲ್ಲ. ಒಂದೊಂದಕ್ಕೂ ಒಂದೊಂದು ಕಾಯ್ದೆ ಇದೆ, ವಸೂಲಿ ಮಾಡಿ ಆಯಾ ಕಡೆ ಕಳಿಸಬೇಕು. ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದ್ದು, ಗ್ರಂಥಾಲಯದ್ದು 1965ರ ಕಾಯ್ದೆಯದ್ದು. ಕಟ್ಟಿದ್ದೆಲ್ಲಾ ನಮ್ಮ ಬೀದಿಗೇ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅಂದಹಾಗೆ ನಮ್ಮ ಬಡಾವಣೆಯಲ್ಲಿ ಗ್ರಂಥಾಲಯ ಇಲ್ಲ. ಇರಲಿ, ಅದು ಬೇರೆ ಕಥೆ.

ಈ ಓಡಾಟದಲ್ಲಿ ನಾನು ಜಾಸ್ತಿ ಹೊತ್ತು ಕೂತಿದ್ದು ಎಂಜಿನಿಯರ್ ವಿಭಾಗದ ಹೊರಗಿನ ಬೆಂಚಿನ ಮೇಲೆ. ಕಂದಾಯ ವಿಭಾಗದ ಬೆಂಚು ಯಾವಾಗಲೂ ಭರ್ತಿ. ಎದುರು ಗೋಡೆಗೆ ವಾರ್ಡ್‌ವಾರು ಕಾಮಗಾರಿಗಳ ಪಟ್ಟಿ ಅಂಟಿಸಿದ್ದರು, ಅರ್ಧ ಹರಿದಿತ್ತು. ಕೆಲಸ ಇಲ್ಲದೆ ಕೂತವಳು ನಮ್ಮ ವಾರ್ಡ್ ಹುಡುಕಿದೆ. ನಮ್ಮ ಅಡ್ಡರಸ್ತೆಯ ಹೆಸರೇ ಇತ್ತು. ‘ಎರಡೂ ಬದಿ ಸಿಸಿ ಚರಂಡಿ ನಿರ್ಮಾಣ ಹಾಗೂ ಸ್ಲ್ಯಾಬ್ ಅಳವಡಿಕೆ, ಮೊತ್ತ 7.60 ಲಕ್ಷ, ಪೂರ್ಣಗೊಂಡಿದೆ.’

ಎರಡೂ ಬದಿ? ನಮ್ಮ ಬದಿ ಚರಂಡಿ ಮೂರನೇ ಮನೆ ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿದೆ. ಅಲ್ಲಿಂದ ಮುಂದೆ ಮಣ್ಣಿನ ಕಾಲುವೆ, ಮಳೆ ಬಂದರೆ ನೀರು ನಮ್ಮ ಗೇಟಿಗೆ. ಸ್ಲ್ಯಾಬ್ ಅಂತೂ ಅವರವರ ಗೇಟ್ ಮುಂದೆ ಮಾತ್ರ. ಹೋದ ವರ್ಷ ನಮ್ಮ ಅತ್ತೆ ಆ ಕಾಲುವೆಯಲ್ಲೇ ಕಾಲು ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಆ ಪಟ್ಟಿಯ ಫೋಟೋ ತೆಗೆದುಕೊಂಡೆ. ತಲೆ ಬಿಸಿ ಆಗಿತ್ತು, ಸುಳ್ಳು ಹೇಳಲ್ಲ.

ಜೂನ್ 3ಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿದೆ. ನನ್ನ ಮೊದಲ ತಪ್ಪು ಅಲ್ಲೇ ಆಯಿತು. ಸಿಟ್ಟಿನಲ್ಲಿ ಎರಡು ಪುಟ ಬರೆದಿದ್ದೆ. ಚರಂಡಿ ಯಾಕೆ ಅರ್ಧಕ್ಕೆ ನಿಂತಿದೆ, ಇದಕ್ಕೆ ಹೊಣೆ ಯಾರು, ನಮ್ಮ ತೆರಿಗೆ ದುಡ್ಡು ಏನಾಯಿತು, ಬೀದಿ ದೀಪ ಯಾಕೆ ಉರಿಯಲ್ಲ, ಕಸದ ಗಾಡಿ ಯಾಕೆ ವಾರಕ್ಕೆ ಎರಡೇ ಸಲ ಬರುತ್ತದೆ. ಜೂನ್ 30ಕ್ಕೆ ನಾಲ್ಕು ಸಾಲಿನ ಉತ್ತರ ಬಂತು. ಪ್ರಶ್ನೆ ರೂಪದಲ್ಲಿ ಕೇಳಿದ್ದೀರಿ, ಒಂದಕ್ಕಿಂತ ಹೆಚ್ಚು ವಿಷಯ ಇದೆ, 150 ಪದ ಮೀರಿದೆ, ಆದ್ದರಿಂದ ಅರ್ಜಿ ವಿಲೇ. ಓದಿ ಕುದ್ದುಹೋದೆ. ಆಮೇಲೆ ನಿಯಮ ತೆಗೆದು ನೋಡಿದರೆ ಕರ್ನಾಟಕದಲ್ಲಿ ಹಾಗೇ ಇದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಒಳಗೆ. ‘ಯಾಕೆ’ ಅಂತ ಕೇಳಿದರೆ ಅವರು ಕಾರಣ ಹುಡುಕಿ ಕೊಡಬೇಕಿಲ್ಲ. ಕಚೇರಿಯಲ್ಲಿ ಈಗಾಗಲೇ ಇರುವ ಕಾಗದ ಕೊಡಬೇಕು, ಅಷ್ಟೆ. ಹಾಗಾದರೆ ನನಗೆ ಬೇಕಾಗಿದ್ದು ಯಾವ ಕಾಗದ? ಅದು ನನಗೇ ಗೊತ್ತಿರಲಿಲ್ಲ.

ಇದನ್ನು ಕಲಿಸಿದ್ದು ಎದುರು ಮನೆ ತಾತ. ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತಿ ಆದವರು. ನನ್ನ ಅರ್ಜಿ ಓದಿ ನಕ್ಕರು. ‘ಏನಮ್ಮಾ ಇದು, ದೂರು ಬರೆದಿದ್ದೀಯಾ ಪ್ರೇಮಪತ್ರ ಬರೆದಿದ್ದೀಯಾ? ಎಂ.ಬಿ. ಕೇಳು. ಅಳತೆ ಪುಸ್ತಕ. ಬಿಲ್ ಹುಟ್ಟೋದೇ ಅದರಿಂದ’ ಅಂದರು.

ಸರ್ಕಾರಿ ಕಾಮಗಾರಿ ಹೇಗೆ ನಡೆಯುತ್ತದೆ ಅಂತ ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ನನ್ನ ಒಂದು ತಿಂಗಳು ಉಳಿಯುತ್ತಿತ್ತು. ಮೊದಲು ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ಎಷ್ಟು ಉದ್ದ, ಅಗಲ, ಆಳ, ಯಾವ ದರ ಅಂತ. ಅದಕ್ಕೆ ಆಡಳಿತಾತ್ಮಕ ಮಂಜೂರಾತಿ ಒಂದು, ತಾಂತ್ರಿಕ ಮಂಜೂರಾತಿ ಒಂದು. ಆಮೇಲೆ ಟೆಂಡರ್, ಗುತ್ತಿಗೆದಾರನ ಜೊತೆ ಒಪ್ಪಂದ, ಕಾರ್ಯಾದೇಶ. ಕೆಲಸ ಆದಂತೆ ಕಿರಿಯ ಎಂಜಿನಿಯರ್ ಸ್ಥಳದಲ್ಲಿ ಅಳೆದು ಎಂ.ಬಿ.ಯಲ್ಲಿ ಬರೆಯಬೇಕು, ಮೇಲಿನವರು ಅದನ್ನು ಮತ್ತೆ ಪರಿಶೀಲಿಸಿ ಸಹಿ ಹಾಕಬೇಕು. ಆ ಅಳತೆ ಮೇಲೆ ಬಿಲ್. ಬಿಲ್ ಜೊತೆ ಕೆಲಸದ ಫೋಟೋ, ಮೂರನೇ ವ್ಯಕ್ತಿ ತಪಾಸಣೆ ವರದಿ, ಕೆಲಸ ಮುಗಿದ ಪ್ರಮಾಣ ಪತ್ರ. ಕೊನೆಗೆ ಭದ್ರತಾ ಠೇವಣಿ ಅಂತ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳುತ್ತಾರೆ, ಒಪ್ಪಂದದಲ್ಲಿ ಬರೆದ ಅವಧಿಯೊಳಗೆ ಕೆಲಸ ಕೆಟ್ಟರೆ ಗುತ್ತಿಗೆದಾರನೇ ಸರಿ ಮಾಡಿಕೊಡಬೇಕು. ಈ ಕೊನೆಯ ಮಾತು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಜುಲೈ 4ಕ್ಕೆ ಎರಡನೇ ಅರ್ಜಿ. ಈ ಸಲ ಸಿಟ್ಟಿಲ್ಲ, ಪ್ರಶ್ನೆಯಿಲ್ಲ. ‘ಇಂಥ ವಾರ್ಡ್, ಇಂಥ ಅಡ್ಡರಸ್ತೆ, ಇಂಥ ಮೊತ್ತದ ಚರಂಡಿ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಎಲ್ಲ ಬಿಲ್‌ಗಳು, ತಪಾಸಣೆ ವರದಿ, ಫೋಟೋಗಳು, ಪೂರ್ಣಗೊಂಡ ಪ್ರಮಾಣ ಪತ್ರ, ಇವುಗಳ ದೃಢೀಕೃತ ಪ್ರತಿ ಕೊಡಿ.’ ಎಣಿಸಿದೆ, 150ಕ್ಕಿಂತ ಎಷ್ಟೋ ಕಡಿಮೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಕೊಟ್ಟೆ. ಯಾರ ಹೆಸರಿಗೆ ಬರೆಯಬೇಕು ಅಂತ ಮೊದಲೇ ಕೇಳಿಕೊಂಡು ಹೋಗಿ, ನಾನು ಖಾಲಿ ಬಿಟ್ಟು ಹೋಗಿದ್ದಕ್ಕೆ ಟಪಾಲು ವಿಭಾಗದವರು ತಗೊಳ್ಳಲ್ಲ ಅಂದರು. ‘ಇದೆಲ್ಲಾ ಯಾಕೆ ಬೇಕು ಮೇಡಂ ನಿಮಗೆ?’ ಅಂತಲೂ ಕೇಳಿದರು. ಯಾಕೆ ಅಂತ ಹೇಳಬೇಕಾಗಿಲ್ಲ, 6ನೇ ಕಲಂನಲ್ಲಿ ಸ್ಪಷ್ಟವಾಗಿದೆ. ನಾನು ವಾದ ಮಾಡಲಿಲ್ಲ, ‘ಸುಮ್ನೆ ತಿಳ್ಕೊಳ್ಳೋಕೆ ಸಾರ್’ ಅಂದೆ. ನನ್ನ ಪ್ರತಿ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೆ. ಸೀಲು ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ. ಕಚೇರಿಗೆ ಹೋಗೋಕೆ ಆಗದವರಿಗೆ ರಾಜ್ಯದ ಆನ್‌ಲೈನ್ ಮಾಹಿತಿ ಹಕ್ಕು ತಾಣವೂ ಇದೆ.

ವಾರದೊಳಗೆ ನಮ್ಮ ವಾರ್ಡ್ ಸದಸ್ಯರ ಫೋನ್. ಅರ್ಜಿ ನಗರಸಭೆಗೆ ಕೊಟ್ಟಿದ್ದು, ಫೋನ್ ಇವರಿಂದ! ‘ಅಕ್ಕಾ, ನೀವು ನಮ್ಮವರೇ. ಒಂದು ಮಾತು ನನಗೇ ಹೇಳಬಹುದಿತ್ತಲ್ವಾ? ಈ ಅರ್ಜಿ ಗಿರ್ಜಿ ಎಲ್ಲಾ ಯಾಕೆ?’ ಮಾತು ಮೆತ್ತಗೇ ಇತ್ತು. ಅದಕ್ಕೇ ಭಯ ಆಯಿತು. ಇನ್ನೊಂದು ದಿನ ಸಂಜೆ ಗೊತ್ತಿಲ್ಲದ ಇಬ್ಬರು ಬೈಕಿನಲ್ಲಿ ಬಂದು ಗೇಟ್ ಮುಂದೆ ನಿಂತು ಚರಂಡಿ ನೋಡಿದರು, ಮನೆ ನೋಡಿದರು, ಹೋದರು. ಏನೂ ಅನ್ನಲಿಲ್ಲ. ಅತ್ತೆ ಅವತ್ತು ರಾತ್ರಿ ಊಟ ಮಾಡಲಿಲ್ಲ. ‘ವರ್ಷಕ್ಕೆ ನಾಲ್ಕು ಸಾವಿರ ಕಂದಾಯ ಕಟ್ಟೋದಕ್ಕೆ ಇಷ್ಟೆಲ್ಲಾ ಬೇಕೇನಮ್ಮಾ’ ಅಂದರು. ಮುರಿದಿದ್ದು ಅವರದ್ದೇ ಮಣಿಕಟ್ಟು! ನಮ್ಮನೆಯವರು ಏನೂ ಹೇಳಲಿಲ್ಲ, ಮರುದಿನ ಗೇಟಿಗೆ ಒಂದು ಲೈಟ್ ಹಾಕಿಸಿದರು. ಆ ಎರಡು ವಾರ ಅರ್ಜಿ ವಾಪಸ್ ತಗೊಂಡುಬಿಡೋಣ ಅಂತ ನನಗೂ ಅನಿಸುತ್ತಿತ್ತು. ತಗೊಳ್ಳಲಿಲ್ಲ, ಅದು ಧೈರ್ಯದಿಂದ ಅಲ್ಲ, ವಾಪಸ್ ತಗೊಳ್ಳೋಕೂ ಆಫೀಸಿಗೆ ಮತ್ತೆ ಅರ್ಧ ದಿನ ರಜೆ ಹಾಕಬೇಕಿತ್ತು. ಆಮೇಲೆ ಒಂದು ಕೆಲಸ ಮಾಡಿದೆವು, ಬೀದಿಯ ಇನ್ನೂ ಆರು ಮನೆಯವರಿಗೆ ಅರ್ಜಿಯ ಪ್ರತಿ ಕೊಟ್ಟೆವು. ಒಬ್ಬಳ ವಿಷಯ ಬೀದಿಯ ವಿಷಯ ಆದಮೇಲೆ ಮನೆಯಲ್ಲಿ ನಿದ್ದೆ ಬಂತು.

ಕಾಯ್ದೆ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ಆಗಸ್ಟ್ 3ಕ್ಕೆ 30 ದಿನ ಮುಗಿಯಿತು. ಉತ್ತರ ಕೈಸೇರಿದ್ದು 9ಕ್ಕೆ. ‘ಒಟ್ಟು 412 ಪುಟ, ಪುಟಕ್ಕೆ 2 ರೂಪಾಯಿಯಂತೆ 824 ರೂಪಾಯಿ ಕಟ್ಟಿ ಪಡೆಯಿರಿ.’ ಕಾಗದದ ಮೇಲೆ ದಿನಾಂಕ ಆಗಸ್ಟ್ 1. ಅಂದರೆ ಅವಧಿಯೊಳಗೇ ಕೊಟ್ಟಿದ್ದೇವೆ ಅನ್ನೋ ಲೆಕ್ಕ. ನಾನು ಕವರ್ ಕಸದ ಬುಟ್ಟಿಗೆ ಹಾಕಿದ್ದೆ, ತಾತ ತೆಗೆಸಿದರು. ಕವರ್ ಮೇಲಿನ ಅಂಚೆ ಮುದ್ರೆ ಆಗಸ್ಟ್ 7! ನಗರಸಭೆಯಿಂದ ಬರುವ ಯಾವ ಕವರನ್ನೂ ಬಿಸಾಡಬೇಡಿ. 30 ದಿನ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು ಅಂತ 7ನೇ ಕಲಂನ 6ನೇ ಉಪಕಲಂ ಹೇಳುತ್ತದೆ. 824 ರೂಪಾಯಿ ದೊಡ್ಡದಲ್ಲ, ಕಟ್ಟಿಬಿಡಬಹುದಿತ್ತು. ಆದರೆ ಒಂದು ಚರಂಡಿಗೆ 412 ಪುಟ ಹೇಗೆ ಬಂತು ಅನ್ನೋ ಅನುಮಾನ ಶುರುವಾಗಿತ್ತು.

ಆಗಸ್ಟ್ 14ಕ್ಕೆ ಮೊದಲ ಮೇಲ್ಮನವಿ ಹಾಕಿದೆ. ಇದಕ್ಕೆ ಉತ್ತರ ಬಂದ ಮೇಲೆ, ಅಥವಾ ಉತ್ತರವೇ ಬಾರದೆ ಅವಧಿ ಮುಗಿದ ಮೇಲೆ 30 ದಿನದ ಗಡುವು ಇದೆ. ಹಾಕಬೇಕಾಗಿದ್ದು ಅದೇ ಕಚೇರಿಯ ಮೇಲಿನ ಅಧಿಕಾರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಮಾಹಿತಿ ಕೊಡದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, ಹೆಚ್ಚೆಂದರೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಇರುವುದು ಆಯೋಗಕ್ಕೆ ಮಾತ್ರ. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ವಿಚಾರಣೆ ನಡೆದಿದ್ದು ಸೆಪ್ಟೆಂಬರ್ 11ಕ್ಕೆ. ಕೋರ್ಟ್ ಥರ ಇರುತ್ತೇನೋ ಅಂತ ಇದ್ದ ಒಳ್ಳೆ ಸೀರೆ ಉಟ್ಟು ಹೋದೆ. ಒಂದು ಕೋಣೆ, ಒಂದು ಮೇಜು, ಮಧ್ಯೆ ಮಧ್ಯೆ ಫೋನು. ಹನ್ನೊಂದಕ್ಕೆ ಕರೆದು ಒಂದೂವರೆಗೆ ಒಳಗೆ ಬಿಟ್ಟರು. ಮೇಲಿನ ಅಧಿಕಾರಿ ಕವರ್ ನೋಡಿದರು, ಮುದ್ರೆ ನೋಡಿದರು, ಪಕ್ಕದಲ್ಲಿ ನಿಂತಿದ್ದವರ ಕಡೆ ನೋಡಿದರು. ನಾನು ಕೇಳಿದ್ದು ಎರಡೇ. ಕಡತ ಕಣ್ಣಾರೆ ನೋಡೋಕೆ ಬಿಡಿ, ನನಗೆ ಬೇಕಾದ ಪುಟ ಮಾತ್ರ ಕೊಡಿ. ಕಡತ ಪರಿಶೀಲನೆ ಕೂಡ ಮಾಹಿತಿ ಹಕ್ಕಿನಲ್ಲೇ ಬರುತ್ತದೆ, ಟಿಪ್ಪಣಿ ಮಾಡಿಕೊಳ್ಳಬಹುದು, ನಡೆದ ಕಾಮಗಾರಿಯನ್ನು ನೋಡಬಹುದು, ಬಳಸಿದ ಸಾಮಗ್ರಿಯ ಮಾದರಿಯನ್ನೂ ಕೇಳಬಹುದು. ಒಪ್ಪಿದರು. ಹೊರಗೆ ಬಂದಾಗ ಕಾಲು ನಡುಗುತ್ತಿತ್ತು. ಕಚೇರಿ ಎದುರಿನ ಗಾಡಿಯಲ್ಲಿ ಎರಡು ಟೀ ಕುಡಿದೆ.

ಸೆಪ್ಟೆಂಬರ್ 22ಕ್ಕೆ ಕಡತ ನೋಡಿದೆ. 412 ಪುಟದಲ್ಲಿ ಮುಕ್ಕಾಲು ಪಾಲು ಟೆಂಡರ್‌ನ ಸಾಮಾನ್ಯ ಷರತ್ತುಗಳು. ನನಗೆ ಬೇಕಾಗಿದ್ದು 31 ಪುಟ. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ಪಕ್ಕದಲ್ಲೇ ಕೂತಿದ್ದರು, ಆಮೇಲೆ ಆಮೇಲೆ ಅವರೇ ಪುಟ ತೋರಿಸೋಕೆ ಶುರು ಮಾಡಿದರು. ಒಂದು ಮಾತು ಹೇಳಿದರು. ‘ಮೇಡಂ, ಇದು ನೀವು ಕಟ್ಟಿದ ಕಂದಾಯದ ದುಡ್ಡಲ್ಲ. ಎಸ್‌ಎಫ್‌ಸಿ ಅನುದಾನ.’ ಅಂದರೆ ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಬರುವ ಹಣ. ಕೇಂದ್ರದಿಂದ ಬರುವುದು ಕೇಂದ್ರ ಹಣಕಾಸು ಆಯೋಗದ ಅನುದಾನ ಅಂತ ಬೇರೆ. ನಮ್ಮ ಕಂದಾಯ, ನೀರಿನ ಶುಲ್ಕ, ಮಳಿಗೆ ಬಾಡಿಗೆ ಸೇರಿ ಆಗೋದು ನಗರಸಭೆ ನಿಧಿ. ಕಾಮಗಾರಿ ಯಾವ ಲೆಕ್ಕಶೀರ್ಷಿಕೆಯಲ್ಲಿ ನಡೆದಿದೆ ಅನ್ನೋದನ್ನು ಮೊದಲೇ ತಿಳಿದುಕೊಳ್ಳಿ, ಇಲ್ಲಾಂದರೆ ತಪ್ಪು ರಿಜಿಸ್ಟರ್ ಕೇಳಿ ‘ಅಂಥ ಕಾಮಗಾರಿ ನಮ್ಮಲ್ಲಿ ಇಲ್ಲ’ ಅನ್ನಿಸಿಕೊಂಡು ಬರ್ತೀರಿ. ನಿಜ ಹೇಳಬೇಕೆಂದರೆ ಅವರ ಆ ಮಾತು ನನಗೆ ಚುಚ್ಚಿತು. ನನ್ನ ನಾಲ್ಕು ಸಾವಿರ ಇದರಲ್ಲಿ ಇಲ್ಲ ಅಂದರೆ ಕೇಳೋಕೆ ನಾನ್ಯಾರು ಅನಿಸಿತು. ಬಸ್ಸಿನಲ್ಲಿ ಬರುವಾಗ ಯೋಚಿಸಿದೆ, ಎಸ್‌ಎಫ್‌ಸಿ ದುಡ್ಡೂ ಯಾರಪ್ಪನ ಮನೆಯಿಂದ ಬಂತು? ನಾನು ಸೋಪು ಕೊಂಡರೂ ತೆರಿಗೆ ಕಟ್ಟುತ್ತೇನೆ.

ಎಂ.ಬಿ. ಓದೋದು ಕಷ್ಟ ಇಲ್ಲ. ಒಂದು ಸಾಲಿನಲ್ಲಿ ಸಂಖ್ಯೆ, ಉದ್ದ, ಅಗಲ, ಆಳ, ಗುಣಿಸಿದ ಪ್ರಮಾಣ. ನಮ್ಮ ಚರಂಡಿಯ ಸಾಲಿನಲ್ಲಿ ‘2 × 68.00’ ಅಂತ ಇತ್ತು. ಎರಡು ಬದಿ, ಒಂದೊಂದು 68 ಮೀಟರ್, ಒಟ್ಟು 136. ಸ್ಲ್ಯಾಬ್ ಕೂಡ 136 ಮೀಟರ್ ಉದ್ದಕ್ಕೂ. ತಪಾಸಣೆ ವರದಿಯಲ್ಲಿ ‘ಗುಣಮಟ್ಟ ತೃಪ್ತಿಕರ’. ಕೆಲಸದ ಫೋಟೋ ಮೂರು. ಮೂರನೆಯದರಲ್ಲಿ ಚಂದದ ಚರಂಡಿ, ಪಕ್ಕದಲ್ಲಿ ಎತ್ತರಕ್ಕೆ ಒಂದು ತೆಂಗಿನ ಮರ. ನಮ್ಮ ಬೀದಿಯಲ್ಲಿ ತೆಂಗಿನ ಮರವೇ ಇಲ್ಲ! ಇದ್ದಿದ್ದರೆ ಕಾಯಿಗೆ ನಲವತ್ತು ಐವತ್ತು ಕೊಡುತ್ತಿದ್ದೆವಾ?

ಭಾನುವಾರ ಬೆಳಗ್ಗೆ ಏಳಕ್ಕೆ ತಾತ ಟೇಪು ತಂದರು. ಮೇಲಿನ ಮನೆ ಹುಡುಗಿ ಒಂದು ತುದಿ ಹಿಡಿದಳು. ಹೊಲಿಯುವವಳಲ್ಲವಾ, ಟೇಪು ಹಿಡಿಯೋಕೆ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಬಲಬದಿ ಸರಿಯಾಗಿ 68 ಮೀಟರ್. ಎಡಬದಿ 41. ಅಂದರೆ 27 ಮೀಟರ್ ಕಾಗದದಲ್ಲಿ ಮಾತ್ರ ಇದೆ. ಸ್ಲ್ಯಾಬ್ ಇದ್ದದ್ದು ಎರಡೂ ಬದಿ ಸೇರಿ 52 ಮೀಟರ್. ಪ್ರತಿ ಅಳತೆಗೂ ಟೇಪು ಕಾಣುವ ಹಾಗೆ ಫೋಟೋ ತೆಗೆದೆವು, ಮನೆ ನಂಬರ್ ಜೊತೆಗೆ. ಕಾಂಕ್ರೀಟ್ ದಪ್ಪ, ಕಬ್ಬಿಣ ಹಾಕಿದ್ದಾರಾ ಇಲ್ಲವಾ ಅನ್ನೋದು ನಮಗೆ ತಿಳಿಯದ ವಿಷಯ, ಅದಕ್ಕೆ ಕೈ ಹಾಕಲಿಲ್ಲ. ಉದ್ದ ಮಾತ್ರ ಹಿಡಿದುಕೊಂಡೆವು. ಉದ್ದವನ್ನು ಯಾರು ಬೇಕಾದರೂ ಬಂದು ಅಳೆಯಬಹುದು, ಅದರಲ್ಲಿ ವಾದಕ್ಕೆ ಜಾಗ ಇಲ್ಲ.

ಅಕ್ಟೋಬರ್ 6ಕ್ಕೆ ದೂರು ಬರೆದೆ. ಒಂದೇ ಪುಟ. ‘ಎಂ.ಬಿ. ಪ್ರಕಾರ ಇಷ್ಟು, ಸ್ಥಳದಲ್ಲಿ ಇಷ್ಟು, ನಮ್ಮ ಸಮಕ್ಷಮ ಜಂಟಿ ಅಳತೆ ಮಾಡಿಸಿ.’ ಕಳ್ಳತನ, ಅವ್ಯವಹಾರ ಅನ್ನೋ ಪದ ಎಲ್ಲೂ ಬಳಸಲಿಲ್ಲ. ಏಳು ಮನೆಯವರು ಸಹಿ ಹಾಕಿದೆವು. ಒಂದು ಪ್ರತಿ ಪೌರಾಯುಕ್ತರಿಗೆ, ಒಂದು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ. ಈ ಕೋಶ ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ, ಜಿಲ್ಲೆಯ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಕೆಲಸದ ಮೇಲೆ ಕಣ್ಣಿಡೋದು ಅದೇ. ಎರಡನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ. ಲೋಕಾಯುಕ್ತಕ್ಕೆ ಹೋಗೋಣ ಅಂತ ಒಬ್ಬರು ಹೇಳಿದರು. ಅಲ್ಲಿ ನಿಗದಿತ ನಮೂನೆ, ಜೊತೆಗೆ ಅಫಿಡವಿಟ್ ಎಲ್ಲಾ ಬೇಕು. ಮೊದಲು ಇದು ಆಗಲಿ, ಆಗದಿದ್ದರೆ ನೋಡೋಣ ಅಂದುಕೊಂಡೆವು.

ಐದು ವಾರ ಏನೂ ಇಲ್ಲ. ಎರಡು ಸಲ ಹೋಗಿ ಕೇಳಿದೆ, ‘ಕಡತ ಮೇಲಿದೆ’ ಅಂದರು. ಮೇಲೆ ಅಂದರೆ ಮೊದಲ ಮಹಡಿ. ಅಲ್ಲಿ ಹೋದರೆ ‘ಕೆಳಗಿದೆ’. ನವೆಂಬರ್ 13ಕ್ಕೆ ಹೇಳದೆ ಕೇಳದೆ ಮೂವರು ಬಂದರು. ಅದೃಷ್ಟಕ್ಕೆ ತಾತ ಮನೆಯಲ್ಲಿದ್ದರು. ಅವರ ಟೇಪು, ನಮ್ಮ ಟೇಪು ಎರಡರಲ್ಲೂ ಅಳೆದರು. ಅವರ ಲೆಕ್ಕದಲ್ಲಿ ಎಡಬದಿ 41.30 ಬಂತು. ಆ 30 ಸೆಂಟಿಮೀಟರಿಗೆ ತಾತ ಜಗಳ ತೆಗೆಯೋಕೆ ಹೊರಟಿದ್ದರು, ನಾನು ಕಣ್ಣು ಸನ್ನೆ ಮಾಡಿದೆ. ಸ್ಥಳದಲ್ಲೇ ಮಹಜರು ಬರೆಸಿ ಏಳು ಮನೆಯವರೂ ಸಹಿ ಹಾಕಿದೆವು. ಮೊಬೈಲ್‌ನಲ್ಲಿ ಅದರ ಫೋಟೋ ಕೂಡ ತೆಗೆದುಕೊಂಡೆವು.

ಡಿಸೆಂಬರ್ ಕೊನೆಗೆ ಹಿಂಬರಹ, ಅಂದರೆ ನಮ್ಮ ದೂರಿಗೆ ಕಚೇರಿಯ ಲಿಖಿತ ಉತ್ತರ ಬಂತು. ಅಳತೆಯಲ್ಲಿ ವ್ಯತ್ಯಾಸ ಕಂಡುಬಂದಿದ್ದು, ಉಳಿದ ಚರಂಡಿ ಭಾಗವನ್ನು ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಪೂರ್ಣಗೊಳಿಸಬೇಕು, ಸ್ಲ್ಯಾಬ್‌ನ ವ್ಯತ್ಯಾಸದ ಮೊತ್ತವನ್ನು ಭದ್ರತಾ ಠೇವಣಿಯಿಂದ ಕಡಿತ ಮಾಡಲಾಗುವುದು. ಠೇವಣಿ ಇನ್ನೂ ವಾಪಸ್ ಕೊಟ್ಟಿರಲಿಲ್ಲ, ಅದೇ ನಮ್ಮ ಪುಣ್ಯ. ಆರು ತಿಂಗಳು ತಡವಾಗಿದ್ದರೆ ಒಪ್ಪಂದದ ಅವಧಿ ಮುಗಿದು ಅದೂ ಹೋಗಿರುತ್ತಿತ್ತು. ಕೆಲಸ ಮುಗಿದಿದೆ ಅಂತ ಪಟ್ಟಿಯಲ್ಲಿ ಕಂಡ ಕೂಡಲೇ ಕೇಳಿ ಅಂತ ಹೇಳೋದು ಇದಕ್ಕೇ.

ಖರ್ಚಿನ ಲೆಕ್ಕ ಕೇಳುವವರಿಗೆ: ಎರಡು ಮಾಹಿತಿ ಹಕ್ಕು ಅರ್ಜಿಗೆ 20 ರೂಪಾಯಿ, ಅಂಚೆ, ಜೆರಾಕ್ಸ್, ಫೋಟೋ ಪ್ರಿಂಟ್, ಬಸ್ಸು ಎಲ್ಲಾ ಸೇರಿ 860. 31 ಪುಟ ಉಚಿತವಾಗಿಯೇ ಸಿಕ್ಕಿತು. ಮೂರೂವರೆ ದಿನ ರಜೆ. ಹೋದ 170 ರೂಪಾಯಿ ರಿಯಾಯಿತಿ. ಗೇಟಿನ ಲೈಟ್‌ನ ದುಡ್ಡು ನಮ್ಮನೆಯವರು ಹೇಳಿಲ್ಲ.

ಜನವರಿಯಲ್ಲಿ ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗೂ ಹೋಗಿದ್ದೆ. ಸಾರ್ವಜನಿಕರ ಸಲಹೆ ಕೇಳುವ ಸಭೆ ಅದು, ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಬಂದಿತ್ತು. ಸಭಾಂಗಣದಲ್ಲಿ ಸದಸ್ಯರು, ಸಿಬ್ಬಂದಿ ಬಿಟ್ಟರೆ ಹೊರಗಿನವರು ಹದಿನಾಲ್ಕು ಜನ. ನಾನು ಎದ್ದು, ಗೋಡೆಗೆ ಅಂಟಿಸುವ ಕಾಮಗಾರಿ ಪಟ್ಟಿಯಲ್ಲಿ ಮೊತ್ತದ ಜೊತೆ ಅಳತೆಯನ್ನೂ ಹಾಕಿ ಅಂತ ಕೇಳಿದೆ. ಬರೆದುಕೊಂಡರು. ನಮ್ಮ ವಾರ್ಡ್ ಸದಸ್ಯರು ಹೊರಗೆ ಸಿಕ್ಕಾಗ ‘ಒಳ್ಳೆ ಸಲಹೆ ಅಕ್ಕಾ’ ಅಂದರು, ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ.

ಈಗ ಜಲ್ಲಿ ಬಂದಿದೆ, ಸಿಮೆಂಟ್ ಇನ್ನೂ ಬಂದಿಲ್ಲ. ತಾತ ದಿನಾ ಬೆಳಗ್ಗೆ ಹೋಗಿ ಜಲ್ಲಿ ರಾಶಿ ನೋಡಿ ಬರುತ್ತಾರೆ, ಯಾರಾದರೂ ಮನೆ ಕೆಲಸಕ್ಕೆ ಎತ್ತಿಕೊಂಡು ಹೋದಾರು ಅಂತ. ಆ ಹಿಂಬರಹದಲ್ಲಿ ಒಂದು ವಿಷಯ ಮಾತ್ರ ಇಲ್ಲ. ಇಲ್ಲದ 27 ಮೀಟರನ್ನು ಅಳೆದು ಬರೆದವರು, ಪರಿಶೀಲಿಸಿದ್ದೇವೆ ಅಂತ ಸಹಿ ಹಾಕಿದವರು, ಆ ತೆಂಗಿನ ಮರದ ಫೋಟೋ ಲಗತ್ತಿಸಿದವರು, ಇವರ ಮೇಲೆ ಏನು ಕ್ರಮ ಆಯಿತು ಅನ್ನೋದು. ಅದಕ್ಕೆ ಇನ್ನೊಂದು ಅರ್ಜಿ ಬರೆಯುತ್ತಾ ಕೂತಿದ್ದೇನೆ. ಮೂರು ಸಲ ಹರಿದು ಹಾಕಿದೆ, 150 ಪದದೊಳಗೆ ನಿಲ್ಲುತ್ತಿಲ್ಲ.